ಮುಚ್ಚೋಣಿಗೆ ಬಂದ ಗಾಳಿ

ನಮ್ಮೂರಿನಲ್ಲಿ ಗಾಳಿ ಬೇಕಾದರೆ ಐವತ್ತು ದಾಟಿದವರು ಸೈಕಲ್ ತುಳಿಯಬೇಕು. ಊರಿನ ನಡುವೆ ಇರುವ, ಬಾಣಲೆ ಎಂದು ಕರೆಯುವ ಸೈಕಲ್ ಅಂಗಳದಲ್ಲಿ ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು ನಾವು ಸುತ್ತುತ್ತೇವೆ. ಆಗ ಒಣಹಾಕಿದ ಬಟ್ಟೆ ಅಲುಗುತ್ತದೆ, ಕಣದಲ್ಲಿ ಹೊಟ್ಟು ಹಾರುತ್ತದೆ, ಮಾಳಿಗೆಗಳ ಮೇಲೆ ಗಾಳಿಪಟ ಏಳುತ್ತದೆ. ನಾವು ಇಳಿದರೆ ಎಲ್ಲವೂ ಇಳಿಯುತ್ತದೆ. ಹರೆಯದವರು ಪ್ರಯತ್ನಿಸದೆ ಬಿಟ್ಟಿಲ್ಲ. ಕಂಬದಂಥ ತೊಡೆಯವರು ಒಮ್ಮೆ ಬಾಣಲೆಗಿಳಿದು, ನೋಡುವವರಿಗೆ ತಲೆ ತಿರುಗುವ ಹಾಗೆ ಸುತ್ತಿದರು. ಬೆವರು ಬಂತು, ಚಪ್ಪಾಳೆ ಬಂತು, ಗಾಳಿ ಮಾತ್ರ ಬರಲಿಲ್ಲ. ಅಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳ ಸೆರಗಿನ ತುದಿ ಕೂಡ ಮಿಸುಕಲಿಲ್ಲ. ಅಂದಿನಿಂದ ಅವರು ನಮ್ಮ ಟೈರುಗಳಿಗೆ ಗಾಳಿ ಹೊಡೆದು ಕೊಡುತ್ತಾರೆ, ನಾವು ಊರಿಗೆ ಹೊಡೆಯುತ್ತೇವೆ.

ಹೀಗಾಗಿ ನಮ್ಮವರು ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿದರೆ ಮೇಲಕ್ಕೇ ಹೇಳುತ್ತಾರೆ. ನಲವತ್ತೆಂಟರ ಹೆಂಗಸು ಐವತ್ತೊಂದು ಅನ್ನುತ್ತಾಳೆ. ಕರಿಕೂದಲಿಗೆ ಸುಣ್ಣದ ಬಣ್ಣ ಹಚ್ಚಿಸಿಕೊಳ್ಳುವ ಗಂಡಸರಿದ್ದಾರೆ. ಹೆಣ್ಣು ಕೊಡುವವರು ಹುಡುಗನ ಹೊಲ, ಮನೆ ಕೇಳುವುದಿಲ್ಲ. ಮನೆಯಲ್ಲಿ ತುಳಿಯುವವರು ಎಷ್ಟು ಮಂದಿ ಎಂದು ಕೇಳುತ್ತಾರೆ. ಅತ್ತೆ ಇಲ್ಲದ ಮನೆಗೆ ಸೊಸೆ ಸಿಗುವುದು ಕಷ್ಟ. ಇಂಥ ಊರು ಇನ್ನೆಲ್ಲಾದರೂ ಇದ್ದರೆ ಅಲ್ಲಿನ ಅತ್ತೆಯಂದಿರಿಗೆ ನನ್ನ ನಮಸ್ಕಾರ.

ಬಾಣಲೆ ಎಂದರೆ ಬಾಣಲೆಯೇ. ಸುತ್ತಲೂ ಹಲಗೆ ಹಾಸಿದ ಇಳಿಜಾರು, ತಿರುವುಗಳಲ್ಲಿ ಗೋಡೆಯಷ್ಟು ಕಡಿದು. ನಮ್ಮ ಸೈಕಲ್ಲಿಗೆ ಬ್ರೇಕೂ ಇಲ್ಲ, ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲು ತಿರುಗುತ್ತದೆ, ಪೆಡಲಿನ ಮೇಲಿನ ಕಾಲೂ ತಿರುಗುತ್ತದೆ. ಸುಸ್ತಾಯಿತೆಂದು ಕಾಲು ನಿಲ್ಲಿಸಿದವನನ್ನು ಸೈಕಲ್ಲು ಎತ್ತಿ ಎಸೆಯುತ್ತದೆ. ನಿಧಾನ ಮಾಡಿದವನು ಹಲಗೆಯ ಮೇಲಿಂದ ಜಾರಿ, ಎಣ್ಣೆಯಲ್ಲಿ ಬಿಟ್ಟ ವಡೆಯ ಹಾಗೆ ತಳ ಸೇರುತ್ತಾನೆ. ಆದರೆ ವೇಗ ಹಿಡಿದ ಮೇಲೆ ಗೋಡೆಯೇ ನೆಲವಾಗುತ್ತದೆ. ಇಷ್ಟು ವರ್ಷ ತುಳಿದರೂ ಆ ಗಳಿಗೆ ನನಗೆ ಹಳತಾಗಿಲ್ಲ. ಮೊದಲು ಕಿವಿಯ ಹಿಂದೆ ಸಣ್ಣ ತಂಪು. ಆಮೇಲೆ ಹಲಗೆಗಳು ತಂಬೂರಿಯಂತೆ ಗುಂಯ್ ಅನ್ನುತ್ತವೆ. ಆಮೇಲೆ ಅಂಚಿನ ಮೇಲೆ ಸಾಲಾಗಿ ಕೂತವರ ಕೂದಲು ಒಬ್ಬರಾದ ಮೇಲೆ ಒಬ್ಬರದು ಏಳುತ್ತಾ ನಮ್ಮ ಜೊತೆಗೇ ಸುತ್ತು ಬರುತ್ತದೆ. ಮಂಡಿನೋವಿನ ಎಣ್ಣೆ ತಿಕ್ಕಿಕೊಂಡು ಬಂದ ಹತ್ತಾರು ಮುದಿಜೀವಗಳಿಂದ ಇದು ಹುಟ್ಟಿತೇ ಎಂದು ಪ್ರತಿಸಲವೂ ಮೈ ಝುಮ್ಮೆನ್ನುತ್ತದೆ.

ಬಾಣಲೆಗೆ ಓಣಿಗೊಂದು ಬಾಗಿಲು. ವರ್ಷಕ್ಕೊಮ್ಮೆ ಪಂದ್ಯ. ಗೆದ್ದವರು ಇಳಿಯದೆ ಇನ್ನೊಂದು ಸುತ್ತು ಹೋಗುತ್ತಾ ಎಡಗೈ ಎತ್ತಿ ಒಂದು ಬಾಗಿಲು ತೋರಿಸಬೇಕು. ಆ ಬಾಗಿಲು ತೆಗೆದು ಉಳಿದವನ್ನು ಮುಚ್ಚುತ್ತಾರೆ. ವರ್ಷದ ಗಾಳಿಯೆಲ್ಲ ಆ ಓಣಿಯದು. ಉಳಿದ ಓಣಿಗಳಿಗೆ ಬಾಗಿಲ ಸಂದಿಯಲ್ಲಿ ನುಸುಳಿದ್ದು. ಒಂದೇ ಕಟ್ಟಳೆ: ಬಾಗಿಲು ತೆಗೆಯುವಾಗ ಒಳಗೆ ಗಾಳಿ ಸುತ್ತುತ್ತಿರಬೇಕು. ಅಷ್ಟರಲ್ಲಿ ತುಳಿಯುವವರು ಇಳಿದು ಗಾಳಿ ಸತ್ತರೆ ಹಳೆಯ ಬಾಗಿಲೇ ಮುಂದುವರಿಯುತ್ತದೆ.

ಹಳೆಯ ಬಾಗಿಲೆಂದರೆ ಕಚೇರಿ ರಸ್ತೆಯದು. ಆ ರಸ್ತೆಯಲ್ಲಿರುವ ಇನಾಮದಾರ ವಕೀಲರು ಬಹಳ ವರ್ಷಗಳಿಂದ ಗೆಲ್ಲುತ್ತಾ ಬಂದಿದ್ದರು. ಕೋರ್ಟಿನಲ್ಲಿ ವಾಯಿದೆ ಕೇಳುವ ಅದೇ ಗತ್ತಿನಲ್ಲಿ ಕೊನೆಯ ತಿರುವಿನಲ್ಲಿ ಒಂದು ಏಟು ಹಾಕಿ ಮುಂದೆ ಹೋಗುತ್ತಿದ್ದರು. ಊರಿನ ಗಾಳಿಯೆಲ್ಲ ಅವರ ರಸ್ತೆಗೆ ಹೋಗಿ ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ ಅವರ ಪಡಸಾಲೆಯ ಉಯ್ಯಾಲೆಯನ್ನು, ಯಾರನ್ನೂ ಕೂರಿಸಿಕೊಳ್ಳದೆ, ತೂಗುವುದು.

ಎರಡನೆಯವನು ನಾನು. ಹೆಸರು ಬಾಲಚಂದ್ರ. ವಕೀಲರ ಹಿಂದಿನ ಚಕ್ರಕ್ಕೆ ಮೂಗು ಹಚ್ಚಿ, ಅವರ ಬೆನ್ನಿನ ಮರೆಯಲ್ಲೇ ತುಳಿದು, ಅವರ ಹಿಂದೆಯೇ ಗೆರೆ ದಾಟುತ್ತಿದ್ದೆ. ಗಾಳಿಗೆ ಮುಂದಿನವನ ಮರೆ ಸಿಕ್ಕರೆ ಅರ್ಧ ಶ್ರಮ ಉಳಿಯುತ್ತದೆ. ನೋಡಿ ನೋಡಿ ಊರು ನನ್ನ ಹೆಸರಿನಿಂದ ಚಂದ್ರನನ್ನು ಕಿತ್ತುಹಾಕಿ ಬಾಲವನ್ನಷ್ಟೇ ಉಳಿಸಿಕೊಂಡಿತು. ನನಗೆ ಬೇಸರವಿರಲಿಲ್ಲ. ನನ್ನದು ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಗಾಳಿ ಎಂದರೆ ನನ್ನ ಹಗ್ಗ, ಗೂಟಗಳ ಶತ್ರು. ಕಚೇರಿ ರಸ್ತೆಯಲ್ಲಿ ಯಾರೂ ಶಾಮಿಯಾನ ಹಾಕಿಸುವುದಿಲ್ಲ, ಆದ್ದರಿಂದ ಗಾಳಿ ಅಲ್ಲೇ ಇರಲಿ ಎನ್ನುವುದು ನನ್ನ ಪಾಲಿಸಿ. ಗಾಳಿ ತಯಾರಿಸುವವನೇ ಗಾಳಿಗೆ ಹೆದರುತ್ತಾನಲ್ಲ ಎಂದು ನನ್ನ ಹೆಂಡತಿ ಲೀಲಾ ಊರೆಲ್ಲ ನಗಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಮುಚ್ಚೋಣಿಯಲ್ಲಿ ಒಂದು ತೊಟ್ಟಿಲ ಕಾರ್ಯಕ್ಕೆ ಶಾಮಿಯಾನ ಹಾಕಲು ಕರೆ ಬಂತು. ಆ ಓಣಿಯ ಒಂದು ತುದಿಗೆ ಬಾಣಲೆಯ ಗೋಡೆ, ಇನ್ನೊಂದು ತುದಿಗೆ ಹಳೆಯ ಹತ್ತಿ ಗಿರಣಿಯ ಗೋಡೆ. ಒಳಗೆ ಹೋಗಬೇಕಾದರೆ ಪಕ್ಕದ ಸಂದಿಯಲ್ಲಿ ಅಡ್ಡಡ್ಡ ನುಸುಳಬೇಕು. ಹೊಟ್ಟೆಯಿರುವವರು ಉಸಿರು ಹೊರಗೆ ಬಿಟ್ಟು ಬರಬೇಕು. ನನ್ನ ಬಿದಿರುಗಳನ್ನು ಮಾಳಿಗೆಗಳ ಮೇಲಿಂದ ಇಳಿಸಬೇಕಾಯಿತು. ಪರದೆ ಕಟ್ಟಿ ಮುಗಿಸಿದಾಗ ಗಮನಿಸಿದೆ, ಒಂದೇ ಒಂದು ಅಂಚು ಅಲುಗಲಿಲ್ಲ. ಇಸ್ತ್ರಿ ಮಾಡಿ ಗಾಜಿನೊಳಗೆ ಇಟ್ಟಂತೆ ನಿಂತುಬಿಟ್ಟಿತು. ನನ್ನ ವ್ಯಾಪಾರದ ಕನಸೆಂದರೆ ಇದೇ, ಆದರೂ ಕಟ್ಟಿದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದೆ. ಅಲ್ಲಿ ಎಲ್ಲವೂ ಬಿಟ್ಟಲ್ಲೇ ಇರುತ್ತಿತ್ತು. ಬೆಳಗಿನ ಒಲೆಯ ಹೊಗೆ ಸಂಜೆಯೂ ಅದೇ ಬಾಗಿಲ ಮುಂದೆ ನಿಂತಿತ್ತು. ಒಂದು ಮನೆಯ ಮುಂದೆ ನಿನ್ನೆಯ ಸಾಸಿವೆ ಒಗ್ಗರಣೆಯ ವಾಸನೆಯೊಳಗೆ ಹೊಕ್ಕು, ಎರಡು ಹೆಜ್ಜೆಯ ನಂತರ ಮೊನ್ನೆಯ ಮೆಂತ್ಯದ ವಾಸನೆಯೊಳಗೆ ಕಾಲಿಟ್ಟೆ. ಮುಖದ ಮಟ್ಟದಲ್ಲಿ ಹತ್ತಿಯ ಎಳೆಗಳು ತೂಗುಹಾಕಿದಂತೆ ನಿಂತಿದ್ದವು, ಬೀಳುತ್ತಿರಲಿಲ್ಲ, ಏಳುತ್ತಿರಲಿಲ್ಲ. ತೊಟ್ಟಿಲಿಗೆ ಬಂದವರೆಲ್ಲ ಉಡುಗೊರೆಯ ಜೊತೆ ತಮ್ಮ ತಮ್ಮ ಬೀಸಣಿಗೆ ತಂದಿದ್ದರು.

ಬಾಣಲೆಯ ಗೋಡೆಗೆ ಹತ್ತಿದ ಮನೆಯ ಕಟ್ಟೆಯ ಮೇಲೆ ಯಂಕಪ್ಪ ಕೂತಿದ್ದ. ಜೀವನವಿಡೀ ಹತ್ತಿ ಹಿಂಜಿ ಗಾದಿ ಮಾಡಿದವನು. ಆ ಹತ್ತಿಯೆಲ್ಲ ಈಗ ಅವನ ಎದೆಯೊಳಗೆ ಗಾದಿ ಹಾಸಿಕೊಂಡು ಮಲಗಿತ್ತು. ಕೈಯಲ್ಲಿ ಕೆಂಪು ಅಂಚು ಹೊಲಿದ ತಾಳೆಗರಿಯ ಬೀಸಣಿಗೆ; ನಿದ್ದೆಯಲ್ಲೂ ಅದನ್ನು ಬಿಡುವುದಿಲ್ಲವಂತೆ. ಅವನಿಗೆ ಕೈ ಸೋತಾಗ ಹೆಂಡತಿ ಕಸ್ತೂರೆವ್ವ ಅದೇ ಬೀಸಣಿಗೆಯ ತುದಿ ಹಿಡಿದು ಬೀಸುತ್ತಿದ್ದಳು. ಬೀಸಿ ಬೀಸಿ ಅವಳ ಬಲತೋಳು ಎಡತೋಳಿಗಿಂತ ಎದ್ದು ಕಾಣುವಷ್ಟು ದಪ್ಪವಾಗಿತ್ತು. ನನ್ನ ಪರದೆ ನೋಡಿ ಯಂಕಪ್ಪ ಏನೋ ಹೇಳಲು ಹೊರಟ. "ಪರದಾ," ಅಂದು ಉಸಿರು ಹುಡುಕಿದ. "ಛಲೋ," ಅಂದು ಮತ್ತೆ ಹುಡುಕಿದ. ಮೂರನೆಯ ಮಾತಿಗೆ ಉಸಿರು ಸಿಗಲಿಲ್ಲ. ಕಸ್ತೂರೆವ್ವ ಅವನ ಮಾತು ಮುಗಿಸಿದಳು, ಮನೆಯಲ್ಲಿ ಉಳಿದ ಕೆಲಸ ಮುಗಿಸುವ ಹಾಗೆ. ಒಂದು ಉಸಿರಿಗೆ ಒಂದೇ ಮಾತಂತೆ. ಮದುವೆಯಾದ ಹೊಸತರಲ್ಲಿ ಅವನ ಬಾಯಿ ಮುಚ್ಚಿಸುವುದೇ ಕಷ್ಟವಿತ್ತು, ಈಗ ಅವನು ಬೈಯಬೇಕೆಂದರೂ ತಾನೇ ನಡುವೆ ಮಾತು ಜೋಡಿಸಿ ಬೈಸಿಕೊಳ್ಳಬೇಕು ಅಂದಳು. ವೈದ್ಯರು ಗಾಳಿಯಿರುವ ಕಡೆ ಇರಿಸಿ ಅಂದಿದ್ದರು. ಬರುವ ಚಳಿಗಾಲ ಈ ಓಣಿಯಲ್ಲೇ ಕಳೆದರೆ ಕಳೆದುಹೋಗುವವನು ಅವನೇ ಎಂದು ಅವಳಿಗೆ ಗೊತ್ತಿತ್ತು. ಬೇರೆ ಓಣಿಯಲ್ಲಿ ಅವರಿಗೆ ಮನೆ ಕೊಡುವವರಿರಲಿಲ್ಲ.

ಕಸ್ತೂರೆವ್ವ ಬಾಣಲೆಗೆ ಹೊಸಬಳಲ್ಲ. ಎಷ್ಟೋ ವರ್ಷ ಸೈಕಲ್ಲಿನ ಕ್ಯಾರಿಯರ್ ಮೇಲೆ ಎರಡೆರಡು ಗಾದಿ ಕಟ್ಟಿಕೊಂಡು ಮನೆಮನೆಗೆ ಮುಟ್ಟಿಸಿದ ಕಾಲು ಅವಳದು. ಪಂದ್ಯದಲ್ಲಿ ಪ್ರತಿವರ್ಷ ನಮ್ಮಿಂದ ಒಂದಷ್ಟು ದೂರದಲ್ಲಿ, ಒಂಟಿಯಾಗಿ, ಮೂರನೆಯವಳಾಗಿ ಬರುತ್ತಿದ್ದಳು. ಮರೆ ಕೊಡುವವರು ಯಾರೂ ಇರಲಿಲ್ಲ. ಗಾಳಿಯಿಲ್ಲದ ಓಣಿಯವಳು ಗಾಳಿಯನ್ನೆಲ್ಲ ಎದೆಗೇ ತಗೊಂಡು ತುಳಿಯುತ್ತಿದ್ದಳು.

ಅವತ್ತು ಹಗ್ಗ ಬಿಚ್ಚುವಾಗ ಪಕ್ಕಕ್ಕೆ ಬಂದು ನಿಂತಳು. "ಅಣ್ಣಾರ, ಈ ಸಲ ನಿಮ್ಮ ಮರಿಯಾಗ ನಾ ಬರ್ಲೇನ್ರಿ?"

ನಾನು ಸ್ವತಃ ಬೇರೆಯವರ ಮರೆಯಲ್ಲಿ ಇರುವವನು, ನನ್ನ ಮರೆಯಲ್ಲಿ ಏನಿದೆ ಎಂದು ನಕ್ಕೆ.

ಅವಳು ನಗಲಿಲ್ಲ. "ವಕೀಲ್ರ ಬೆನ್ನ ನೋಡಿ ನೋಡಿ ಸಾಕಾಗಿಲ್ಲೇನ್ರಿ ನಿಮಗ? ಒಮ್ಮೆ ಮುಂದ ಬರ್ರಿ. ಅಲ್ಲಿಂದ ಊರು ಬ್ಯಾರೆನ ಕಾಣಸ್ತೈತಿ."

ಮನೆಗೆ ಬಂದು ಲೀಲಾಳಿಗೆ ಹೇಳಿದೆ. ಗಾಳಿ ಓಣಿಗೆ ಬಂದರೆ ಆ ಕಡೆಯ ಶಾಮಿಯಾನದ ಗಿರಾಕಿ ಹೋಗುತ್ತದೆ ಎಂದೂ ಹೇಳಿದೆ. ಮುಂದೆ ದಾರಿಯಿಲ್ಲದ ಓಣಿಗೆ ಗಾಳಿ ಬಿಡುವುದೆಂದರೆ ಗೋಡೆಗೆ ನೀರು ಹೊಯ್ದಂತೆ ಎಂದು ಪಂದ್ಯದ ಕಮಿಟಿಯವರು ಹೇಳುವುದನ್ನೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ ಅಂದಳು: "ಬಾಲ ಅಂತ ಕರಸ್ಕೊಂಡ ಮ್ಯಾಲ, ಒಮ್ಮೆರ ಅಲ್ಲಾಡಸ್ರಿ."

ಪಂದ್ಯದ ದಿನ ಬೆಳಿಗ್ಗೆ ಅಂಚಿನ ತುಂಬ ಜನ. ಮುಂದಿನ ಸಾಲಿನವರು ಒದ್ದೆ ಬಟ್ಟೆ ತಂದು ಮಡಿಲಲ್ಲಿ ಹರಡಿಕೊಂಡಿದ್ದರು. ಪಂದ್ಯ ನೋಡಿದ ಹಾಗೂ ಆಯಿತು, ಒಣಗಿದ ಹಾಗೂ ಆಯಿತು. ಮೊದಲ ಸುತ್ತುಗಳನ್ನು ಕಂಡರೆ ಹೊಸಬರು ನಗುತ್ತಾರೆ. ಯಾರಿಗೂ ಮುಂದೆ ಹೋಗುವುದು ಬೇಡ. ಮುಂದೆ ಹೋದವನು ಎಲ್ಲರಿಗೂ ಮರೆಯಾಗುತ್ತಾನೆ. ಆದ್ದರಿಂದ ಎಲ್ಲರೂ ತಿರುತಿರುಗಿ ಹಿಂದೆ ನೋಡುತ್ತಾ, ಬೀಗರ ಮನೆಯಲ್ಲಿ ಮೊದಲು ಊಟಕ್ಕೆ ಕೂರಲು ನಾಚುವವರ ಹಾಗೆ, ನೀವು ಮೊದಲು, ನೀವು ಮೊದಲು ಎಂದು ತೆವಳುತ್ತಾರೆ. ಅವತ್ತೂ ಹಾಗೇ ಆಯಿತು. ವಕೀಲರು ಮುಂದೆ, ನಾನು ಅವರ ಬಾಲ, ನನ್ನ ಬಾಲವಾಗಿ ಕಸ್ತೂರೆವ್ವ. ಕೊನೆಯ ಸುತ್ತಿನ ಗಂಟೆ ಬಾರಿಸುವ ಮುನ್ನವೇ ನಾನು ತಿರುವಿನ ತುತ್ತತುದಿಗೆ ಏರಿದೆ. ಅಂಚಿನವರ ಕಾಲ್ಬೆರಳು ಕೈಗೆಟುಕುವಷ್ಟು ಮೇಲೆ. ವಕೀಲರು ತಲೆಯೆತ್ತಿ ನೋಡಿದರು. ಇಷ್ಟು ವರ್ಷದಲ್ಲಿ ಅವರು ಬಾಲದ ಮುಖ ನೋಡಿದ್ದು ಅದೇ ಮೊದಲು. ಅಲ್ಲಿಂದ ಕೆಳಕ್ಕೆ ಬಿದ್ದೆ ಎನ್ನಬೇಕು, ತುಳಿದೆ ಎನ್ನುವುದಕ್ಕಿಂತ.

ಅವರನ್ನು ದಾಟಿದ ಕೂಡಲೇ ಗಾಳಿ ಎದೆಗೆ ಹೊಡೆಯಿತು. ಎದುರಿಗೆ ಬೆನ್ನಿಲ್ಲ. ಕಪ್ಪು ಗೆರೆ, ಏಳುತ್ತಿರುವ ಹಲಗೆ, ಅದರ ಮೇಲೆ ಆಕಾಶದ ಒಂದು ಚೂರು. ಕಸ್ತೂರೆವ್ವ ಹೇಳಿದ್ದು ಸುಳ್ಳಲ್ಲ, ಇಷ್ಟು ದೊಡ್ಡ ಊರು ಇಷ್ಟು ಕಾಲ ಒಬ್ಬ ವಕೀಲರ ಹಿಂದೆ ಅಡಗಿತ್ತು. ಕಾಲು ಉರಿಯುತ್ತಿತ್ತು, ಎದೆ ತಮಟೆಯಾಗಿತ್ತು, ಹಿಂದಿನಿಂದ ಅವಳ ಚೈನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಕೊನೆಯ ತಿರುವಿನಲ್ಲಿ ನನ್ನಲ್ಲಿ ಏನೂ ಉಳಿಯದಾದಾಗ ಹ್ಯಾಂಡಲ್ ಮೇಲಕ್ಕೆ ತಿರುಗಿಸಿ ದಾರಿ ಬಿಟ್ಟೆ. ಅವಳು ಕೆಳಗಿನಿಂದ ಹೊರಟಳು. ಗಾದಿಯ ಭಾರವಿಲ್ಲದ ಸೈಕಲ್ಲು ಅವಳಿಗೆ ಹೇಗನಿಸಿತೋ, ಹಕ್ಕಿ ಕೊಂಬೆ ಬಿಟ್ಟಂತೆ ಹೋದಳು. ವಕೀಲರು ನನ್ನನ್ನು ಬಳಸಿ ಬರುವಷ್ಟರಲ್ಲಿ ಗೆರೆ ಬಂದಿತ್ತು. ಅವಳ ಟೈರು ಮುಂದಿತ್ತು, ಅವರದು ಹಿಂದಿತ್ತು. ಅಂಚಿನ ಮೇಲೆ ಒದ್ದೆ ಬಟ್ಟೆಗಳೆಲ್ಲ ಒಮ್ಮೆಗೇ ಎದ್ದು ನಿಂತವು.

ಅವಳು ಇಳಿಯದೆ ಮುಂದಿನ ಸುತ್ತಿಗೆ ಹೋದಳು, ಎಡಗೈ ಎತ್ತಿದಳು, ಕೆಳಗಿನ ಕ್ಯಾಂಟೀನಿನ ಕಡೆ ತೋರಿಸಿದಳು. ಅಂಚಿನವರೆಲ್ಲ ಆ ಕಡೆ ಕತ್ತು ತಿರುಗಿಸಿದರು. ಮುಚ್ಚೋಣಿಯ ಬಾಗಿಲಿರುವುದು ಅಲ್ಲೇ, ಆದರೆ ಅದನ್ನು ಯಾರೂ ಯಾವತ್ತೂ ತೋರಿಸಿರಲಿಲ್ಲವಾಗಿ ಅದರ ಮುಂದೆ ಪಂದ್ಯದಲ್ಲಿ ಗೆದ್ದವರ ಬಹುಮಾನದ ಕಪ್ಪುಗಳ ಕಪಾಟು ನಿಂತಿತ್ತು, ಬಾಗಿಲ ಮೇಲೆ ಭಜಿ ಚಹಾದ ದರ ಬರೆದಿತ್ತು. ಕಮಿಟಿಯ ಕಾರ್ಯದರ್ಶಿ ಮಲಕಾಜಪ್ಪ ಎದ್ದು ನಿಂತು ಗಂಭೀರವಾಗಿ ಹೇಳಿದ: "ಅದು ಬಾಗಲ ಅಲ್ರೀ ಯವ್ವಾ, ಕಪಾಟು. ಬ್ಯಾರೆ ತೋರಸ್ರಿ."

ಕಸ್ತೂರೆವ್ವ ಮತ್ತೊಂದು ಸುತ್ತು ಬಂದು ಅದನ್ನೇ ತೋರಿಸಿದಳು.

ಆಗ ಎಲ್ಲರಿಗೂ ಕಟ್ಟಳೆ ನೆನಪಾಯಿತು. ಕಪಾಟು ಸರಿದು, ಬಾಗಿಲು ತೆರೆಯುವ ತನಕ ಒಳಗೆ ಗಾಳಿ ಸುತ್ತುತ್ತಿರಬೇಕು. ಪಂದ್ಯ ಮುಗಿಸಿದ ಮುದಿಕಾಲುಗಳು ಆಗಲೇ ಒಂದೊಂದಾಗಿ ಇಳಿಜಾರಿನ ಕೆಳಕ್ಕೆ ಬರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಗಾಳಿ ಎಬ್ಬಿಸುವವರು ವಕೀಲರು. ಅವರು ಇಳಿದರೆ ಉಳಿದವರಿಂದ ಸೆರಗೂ ಅಲುಗುವುದಿಲ್ಲ. ಗೆಲ್ಲಲು ಅವರು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಇಳಿದರೆ ಸಾಕಿತ್ತು. ಅವರೂ ನಿಧಾನ ಮಾಡಿ ಕೆಳಗಿಳಿಯತೊಡಗಿದರು. ಕಸ್ತೂರೆವ್ವ ಅವರ ಪಕ್ಕಕ್ಕೆ ಬಂದಳು. ನಾನು ಹಿಂದೆಯೇ ಇದ್ದೆ, ಹಳೆಯ ಅಭ್ಯಾಸ.

"ವಕೀಲಸಾಹೇಬ್ರ," ಅಂದಳು, ಬೇಡುವ ದನಿಯಲ್ಲಿ ಅಲ್ಲ, "ನೀವು ಮಲಗೂ ಗಾದಿ ನಾವ ಮಾಡಿದ್ದು. ಅದನ್ನ ಹಿಂಜಿದಾಂವ ಆ ಬಾಗಲದ ಹಿಂದ ಕುಂತಾನ."

ವಕೀಲರು ಆ ಬಾಗಿಲ ಕಡೆ ನೋಡುತ್ತಾ ಅರ್ಧ ಸುತ್ತು ಹೋದರು. ಆಮೇಲೆ ಬೆನ್ನು ಬಾಗಿಸಿ ಹ್ಯಾಂಡಲ್ ಹಿಡಿದು, ಇಳಿಯುತ್ತಿದ್ದ ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾಯ್ದೆ ಪ್ರಕಾರ ಗೆದ್ದವರು ಇಳಿಯೂತನಕ ಸೋತವರು ಇಳಿಯೂ ಹಂಗಿಲ್ಲ."

ಅಂಥ ಕಾಯ್ದೆ ಯಾವಾಗ ಬಂತು ಎಂದು ಮಲಕಾಜಪ್ಪ ಕೆಳಗಿನಿಂದ ಕೇಳಿದ.

"ಈಗ," ಅಂದರು ವಕೀಲರು, ಮತ್ತೆ ಮೇಲಕ್ಕೆ ಏರಿದರು.

ಅವರ ಹಿಂದೆ ಎಲ್ಲರೂ ಏರಿದರು. ಅಂಥ ಸಾಲನ್ನು ನಾನು ಮತ್ತೆ ನೋಡಲಾರೆ. ಸೊಂಟಪಟ್ಟಿ ಕಟ್ಟಿದವರು, ಹಲ್ಲಿನ ಸೆಟ್ಟು ಜೇಬಿಗೆ ಹಾಕಿಕೊಂಡವರು, ಬೆಳಿಗ್ಗೆ ಮೆಟ್ಟಿಲಿಳಿಯಲು ಸೊಸೆಯ ಭುಜ ಹಿಡಿದವರು, ಒಬ್ಬರ ಹಿಂದೆ ಒಬ್ಬರು ಗೋಡೆಯ ಮೇಲೆ ಮಣಿಸರದಂತೆ ಸುತ್ತಿದರು. ಮುಂದಿದ್ದವರು ದಣಿದಾಗ ಮೇಲಕ್ಕೆ ಸರಿದು ಸಾಲಿನ ಕೊನೆಗೆ ಬರುವರು, ಹಿಂದಿನವರು ಮುಂದಕ್ಕೆ. ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬರನ್ನೊಬ್ಬರು ಸೋಲಿಸಲು ಕಲಿತದ್ದೆಲ್ಲ ಆ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಉಳಿಸಲು ಬಂತು. ಹಲಗೆಗಳ ಗುಂಯ್ ಸದ್ದು ನಾನು ಕೇಳಿರದ ಮಟ್ಟಕ್ಕೆ ಏರಿತು.

ಕೆಳಗೆ ಕಪಾಟು ಖಾಲಿಯಾಗುತ್ತಿತ್ತು. ಕಪ್ಪುಗಳು ಕೈಯಿಂದ ಕೈಗೆ ಅಂಚಿನವರೆಗೂ ಹೋದವು. ಹೆಚ್ಚಿನವು ವಕೀಲರವು, ಪ್ರತಿ ಸುತ್ತಿಗೂ ತಮ್ಮ ಹೆಸರು ಬೇರೆಬೇರೆ ಮಡಿಲಲ್ಲಿ ಕೂತಿರುವುದನ್ನು ಅವರು ನೋಡಿರಬೇಕು. ಕಪಾಟು ಸರಿಯಿತು. ಬಾಗಿಲ ಕೀಲು ತುಕ್ಕು ಹಿಡಿದು ಕಲ್ಲಾಗಿತ್ತು. ಕ್ಯಾಂಟೀನಿನವನು ಭಜಿ ಕರಿದ ಬಿಸಿ ಎಣ್ಣೆಯನ್ನು ಸೌಟಿನಿಂದ ಅದರ ಮೇಲೆ ಸುರಿದ. ಆದರೂ ಅಲುಗಲಿಲ್ಲ. ಆಗ ಲೀಲಾ, ಶಾಮಿಯಾನದ ಗುಂಡಿ ತೋಡುವ ನನ್ನ ಹಾರೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದದ್ದು ಕಂಡಿತು. ಮನೆಯಿಂದ ಬರುವಾಗಲೇ ತಂದಿದ್ದಳಂತೆ. ಅವಳಿಗೆ ನನ್ನ ಮೇಲಿನ ನಂಬಿಕೆ ಅಷ್ಟು, ಬಾಗಿಲ ಮೇಲಿನ ಅಪನಂಬಿಕೆ ಅಷ್ಟು. ಹಾರೆಯ ಮೊನೆ ಸಂದಿಗಿಟ್ಟು ಅವಳೂ ಮಲಕಾಜಪ್ಪನೂ ಜೋತುಬಿದ್ದರು.

ಬಾಗಿಲು ತೆರೆದದ್ದು ನಾನು ನೋಡಲಿಲ್ಲ, ಮೈಗೆ ತಿಳಿಯಿತು. ಬಾಣಲೆಯೊಳಗಿನ ಗಾಳಿಯೆಲ್ಲ ಒಮ್ಮೆ ನಮ್ಮ ಅಂಗಿಗಳನ್ನು ಹಿಡಿದೆಳೆದು ಆ ಕಡೆ ಹೋಯಿತು. ಆಮೇಲೆ ಏನೂ ಇಲ್ಲ. ಅಂಚಿನವರ ಕೂದಲು ಇಳಿಯಿತು. ಗೋಡೆಗೆ ನೀರು ಹೊಯ್ದಂತೆ ಎಂದು ಕಮಿಟಿಯವರು ಹೇಳಿದ್ದು ನೆನಪಾಯಿತು. ಆದರೂ ಕಾಲು ನಿಲ್ಲಿಸುವಂತಿರಲಿಲ್ಲ, ನಮ್ಮ ಸೈಕಲ್ಲು ಅದಕ್ಕೆ ಒಪ್ಪುವುದಿಲ್ಲ. ಒಂದು ಸುತ್ತು ಹೋದೆವು, ಇನ್ನೊಂದು ಸುತ್ತು.

ಆಗ ಹಿಂದಿನಿಂದ ಯಾರೋ ಬೆನ್ನಿಗೆ ಅಂಗೈ ಇಟ್ಟಂತಾಯಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ನನ್ನ ಕಾಲು ನನ್ನನ್ನು ಕೇಳದೆ ಹಗುರವಾಗಿ ತಿರುಗುತ್ತಿತ್ತು. ಬೇರೆ ಓಣಿಗಳಿಗೆ ಕಳಿಸಿದ ಗಾಳಿ ಊರು ದಾಟಿ ಹೋಗಿಬಿಡುತ್ತದೆ. ಗಾಳಿ ಮಾಡುವ ನಮಗೆ ಅದು ಅಲ್ಲಿ ಏನು ಮಾಡಿತು ಎಂದು ಎಂದೂ ತಿಳಿದದ್ದಿಲ್ಲ. ಮುಚ್ಚೋಣಿಯಲ್ಲಿ ಮುಂದೆ ದಾರಿಯಿರಲಿಲ್ಲ, ಗಿರಣಿ ಗೋಡೆ ಮುಟ್ಟಿ ಅದು ನಮ್ಮ ಕಡೆಗೇ ಮರಳಿತ್ತು. ಬರಿಗೈಯಲ್ಲಿ ಬರಲಿಲ್ಲ. ಮೊದಲು ಬಂದದ್ದು ಮೊನ್ನೆಯ ಮೆಂತ್ಯ, ನಿನ್ನೆಯ ಸಾಸಿವೆ, ಯಾವುದೋ ಹಳೆಯ ಮದುವೆಯ ಬೂಂದಿ, ಯಾವಳೋ ಅಜ್ಜಿ ಯಾವಾಗಲೋ ಕಾಸಿದ ತುಪ್ಪ. ಅಂಚಿನವರು ಒಂದೊಂದು ವಾಸನೆಗೂ ಮೂಗು ತಿರುಗಿಸುತ್ತಾ, ಸತ್ತವರ ಹೆಸರು ಹೇಳುತ್ತಾ ಕೂತರು. ಆಮೇಲೆ ಹತ್ತಿ ಬಂತು. ಒಂದು ಜೀವಮಾನದ ಹತ್ತಿ, ಆ ಓಣಿಯಲ್ಲಿ ನಿಂತೇ ಇದ್ದದ್ದು, ಬಾಗಿಲಿನಿಂದ ಬಿಳಿಯ ನದಿಯಂತೆ ಹೊರಟು ನಮ್ಮ ಜೊತೆ ಬಾಣಲೆಯ ಸುತ್ತ ತಿರುಗತೊಡಗಿತು. ಹುಬ್ಬಿನ ಮೇಲೆ, ಚಕ್ರದ ಕಡ್ಡಿಗಳಲ್ಲಿ, ವಕೀಲರ ಮೀಸೆಯಲ್ಲಿ ಹತ್ತಿ. ಮೋಡದೊಳಗೆ ಸೈಕಲ್ ತುಳಿಯುತ್ತಿದ್ದೇವೆ ಅನಿಸಿತು. ತಮಾಷೆಯ ಒಂದು ಮಾತೂ ನನಗೆ ತೋಚಲಿಲ್ಲ.

ಹತ್ತಿಯ ನಡುವಿನಿಂದ ಒಂದು ಬೀಸಣಿಗೆ ಹಾರಿ ಬಂತು. ತಾಳೆಗರಿಯದು, ಕೆಂಪು ಅಂಚಿನದು. ನಮ್ಮ ತಲೆಯ ಮೇಲೆ ನಿಧಾನವಾಗಿ ತಿರುಗುತ್ತಾ, ನಮ್ಮದೇ ವೇಗದಲ್ಲಿ ಸುತ್ತತೊಡಗಿತು.

ಕಸ್ತೂರೆವ್ವ ಅದನ್ನು ನೋಡಿದಳು. ನಿದ್ದೆಯಲ್ಲೂ ಅವನು ಬಿಡದ ಬೀಸಣಿಗೆ. ಅವಳ ಮುಖದ ಬಣ್ಣ ಹೋದದ್ದು ನನಗೆ ಕಂಡಿತು. ಏನಾಗಿರಬಹುದೆಂದು ನನಗೂ ಹೊಳೆಯಿತು. ಅವಳು ಬಾಗಿಲ ಕಡೆಗೆ ಕಿವಿ ತಿರುಗಿಸಿ ತುಳಿಯುತ್ತಿದ್ದಳು. ಬಾಣಲೆಯಲ್ಲಿ ಹಲಗೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಗ ಬಾಗಿಲ ಆಚೆಯಿಂದ, ಕಟ್ಟೆಯ ಮೇಲಿಂದ, ಒಂದು ದನಿ ಬಂತು.

"ಏ ಕಸ್ತೂರಿ, ಬೀಸಣಿಗಿ ಕೈಯಾಗಿಂದ ಕಸಗೊಂಡು ಹೋತು ನೋಡ, ಹೊಗಿನೂ ಹೋತು, ಹತ್ತೀನೂ ಹೋತು, ಹೊರಸಿನ ಮ್ಯಾಲಿನ ಹಚ್ಚಡಾನೂ ಹೋತು, ನೀ ಇನ್ನೂ ಅಲ್ಲೆ ಗಿರಗಿರ ತಿರುಗ್ಕೋತ ಇರ್ತಿಯೇನು, ಇಲ್ಲಾ ಮನಿಗೆ ಬಂದು ಒಂದೀಟು ಚಾ ಕಾಸಿ ಕೊಡ್ತಿಯೇನು."

ಅವಳು ತಲೆ ತಗ್ಗಿಸಿ ಒಂದು ತಿರುವು ಪೂರ್ತಿ ದಾಟಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ರೆಪ್ಪೆಯ ಮೇಲೆ ಹತ್ತಿ ಅಂಟಿತ್ತು, ಅದು ಒದ್ದೆಯಾಗಿತ್ತು.

"ಕೇಳಿದ್ರೇನ್ರಿ ಅಣ್ಣಾರ? ನಡುವ ಎಲ್ಲೂ ನಿಲ್ಲಲಿಲ್ಲ."

ಚಹಾ ಕಾಸಲು ಅವಳು ಇಳಿಯಲಿಲ್ಲ. ಕಾಯ್ದೆ ಪ್ರಕಾರ ನಾವೂ ಇಳಿಯಲಿಲ್ಲ.